ಥಿನ್ನರ್ ಹಚ್ಚಿ ಒರೆಸಿದ ಮೇಲೆ

ಶನಿವಾರ ರಾತ್ರಿಯೇ ಸುಗಲಾ ನಟ್ಟುಗಳಿಗೆಲ್ಲ ಎಣ್ಣೆ ಕುಡಿಸಿಟ್ಟಿದ್ದಳು.
ವಾಸ್ಕೋದ ಗಾಳಿ ಅಂಥದು, ಅರ್ಧ ಉಪ್ಪು, ಅರ್ಧ ಕಲ್ಲಿದ್ದಲ ಪುಡಿ.
ಇಪ್ಪತ್ತೆರಡು ವರ್ಷದ ಝೆನ್ ಗಾಡಿಯ ಹೊಟ್ಟೆಯಲ್ಲಿ
ನಟ್ಟು ಯಾವುದು, ಜಂಗು ಯಾವುದು,
ಬೆರಳನ್ನೇ ಕೇಳಬೇಕು.

ಬಾಯ್ನಾದ ನಮ್ಮ ಓಣಿಯಲ್ಲಿ ಗ್ಯಾರೇಜೆಂದರೆ
ಫಿಲೋಮೆನಾ ಬಾಯಿಯ ಗೋಡೆಗೂ ನಮ್ಮ ಮೆಟ್ಟಿಲಿಗೂ ನಡುವಿನ ಜಾಗ.
ಮೇಲೊಂದು ನೀಲಿ ತಾಡಪತ್ರಿ,
ಕೆಳಗೆ ಹರಿದ ಚಾದರ, ಅದರ ಮೇಲೆ ಅಂಗಾತ ಅವಳು.
ಮೊದಲು ಬ್ಯಾಟರಿಯ ತಂತಿ ಬಿಚ್ಚಿದಳು.
ನಾನು ದೀಪ ಹಿಡಿದೆ.

ಬಂದರಿನಲ್ಲಿ ಮೂವತ್ತು ವರ್ಷ ಕ್ರೇನು ನಡೆಸಿದವನು.
ಒಂದು ಹಿಡಿಕೆ ಸರಿಸಿದರೆ ಹಡಗಿನ ಹೊಟ್ಟೆಯಿಂದ
ಇಪ್ಪತ್ತು ಟನ್ನು ಎದ್ದು ಬರುತ್ತಿತ್ತು, ಮಾತಾಡದೆ.
ಇವತ್ತು ಹನ್ನೆರಡರ ಪಾನಾಕ್ಕೆ ಒಂದು ನಟ್ಟು
ಒಲ್ಲೆ ಅಂತ ಕೂತಿದೆ.
‘ಅಪ್ಪಾ, ದೀಪ ನನ್ನ ಕಣ್ಣಿಗಲ್ಲ, ನಟ್ಟಿಗೆ ಹಿಡಿ.’

ಆರು ಬಿಟ್ಟವು.
ಏಳನೆಯದು ಫ್ಯಾನಿನ ಹಿಂದೆ, ಯಾರ ಕೈಯೂ ಹೋಗದಲ್ಲಿ.
ಗ್ಯಾರೇಜಿನ ಹುಡುಗರು ಅದಕ್ಕೇ
ಇಂಜಿನ್ ಇಳಿಸಬೇಕು, ಆರು ಸಾವಿರ ಅಂದಿದ್ದರು.
ಅವಳು ಬಳೆ ತೆಗೆದು ನನಗೆ ಕೊಟ್ಟಳು,
ಮೊಣಕೈತನಕ ಕೈ ಇಳಿಸಿದಳು, ಕಣ್ಣು ಮುಚ್ಚಿದಳು,
ಹಿಟ್ಟಿನ ಡಬ್ಬಿಯ ತಳದಲ್ಲಿ ಏನೋ ತಡಕುವವಳ ಹಾಗೆ.

ಕಟಕ್.

‘ಮುರೀತೇನ?’
ಬಹಳ ಹೊತ್ತು ಮಾತಿಲ್ಲ.
‘ಇಲ್ಲ. ಬಂತು.’

ಹಳೆಯದನ್ನು ಎತ್ತಿ ಮೆಟ್ಟಿಲ ಮೇಲಿಟ್ಟೆ,
ರುಬ್ಬುಗುಂಡಿನ ಭಾರ, ಒಳಗೆಲ್ಲ ಮಸಿ.
‘ಕಿತೆಂ ತೆಂ?’ ಅಂದಳು ಫಿಲೋಮೆನಾ, ಕೈಯಲ್ಲಿ ಬಂಗಡೆ.
ಏನು ಹೇಳಲಿ? ನಾಲ್ಕು ಮಂದಿಗೆ
ಒಂದೇ ಬಾಗಿಲು ಇದ್ದ ಮನೆ ಅಂದೆ.
ನಾವೂ ಅಂಥ ಮನೆಯಲ್ಲೇ ಇದ್ದೆವು, ಹಳಿಯ ಪಕ್ಕ;
ಒಬ್ಬರು ಹೊರಡುವಾಗ ಮೂವರು ಗೋಡೆಗೆ ಆತು ನಿಲ್ಲುತ್ತಿದ್ದೆವು.

ಹೊಸದು ಪುಣೆಯ ಒಬ್ಬ ವೆಲ್ಡರ್ ಮಾಡಿ ಕಳಿಸಿದ್ದು,
ಮರಾಠಿ ಪೇಪರಿನಲ್ಲಿ ಸುತ್ತಿ.
ಹೆಡರ್ ಅನ್ನುತ್ತಾಳೆ ಅವಳು.
ನಾಲ್ಕು ಕೊಳವೆ, ನಾಲ್ಕಕ್ಕೂ ಒಂದೇ ಉದ್ದ,
ತಮ್ಮ ತಮ್ಮ ದಾರಿ ನಡೆದು ಎರಡಾಗಿ, ಕಡೆಗೆ ಒಂದಾಗಿ.
ವೆರ್ಣಾದ ಪಂಪಿನ ಕಾರ್ಖಾನೆಯ ಎಷ್ಟು ಓವರ್‌ಟೈಮೋ ಅದರಲ್ಲಿ.
‘ಇದರಿಂದ ಏನ್ ಫಾಯದೆ?’ ಕೇಳಿದ್ದೆ.
‘ಭಾಳ ಏನಿಲ್ಲ. ಉಸಿರು ಬಿಡೋದು ಹಗರ ಆಗ್ತೈತಿ.’

ಥಿನ್ನರ್ ಹಚ್ಚಿ ಮೂರು ಸಲ ಒರೆಸಿದಳು,
ಕೂಸಿನ ಮೈ ಒರೆಸಿದ ಹಾಗೆ, ಸಂದಿ ಬಿಡದೆ.
‘ಇನ್ನ ಮುಟ್ಟಬ್ಯಾಡ.’
ಗ್ಯಾಸ್ಕೆಟ್ ಕೂರಿಸುವಾಗ ಅದು ವಾಲಿತು.
ವಾಲಿದ್ದನ್ನು ಹಿಡಿಯದೆ ಇರಲು
ಈ ಕೈಗಳಿಗೆ ಯಾರೂ ಕಲಿಸಿಲ್ಲ.

ಸಂಜೆ ಐದಕ್ಕೆ ಚಾವಿ ತಿರುವಿದಳು.
ತಾಡಪತ್ರಿ ನಡುಗಿತು, ನಾಯಿ ಎದ್ದು ಹೋಯಿತು.
ಉಕ್ಕು ಮೊದಲು ಜೋಳದ ಕಣಕಿಯ ಬಣ್ಣ,
ಆಮೇಲೆ ಬೆಲ್ಲದ ಪಾಕ, ಬದನೆಕಾಯಿ,
ಬಾಯಿಯ ಹತ್ತಿರ ನವಿಲಿನ ಕತ್ತು.
ಮತ್ತೆ ಎರಡನೆಯ ಕೊಳವೆಯ ಮೇಲೆ
ಕಂದಾಗಿ, ಒಂದೊಂದೇ ಗೆರೆಯಾಗಿ
ನನ್ನ ಹೆಬ್ಬೆಟ್ಟು.

ಅವ್ವ ಪಗಾರದ ಪುಸ್ತಕಕ್ಕೆ ಒತ್ತುತ್ತಿದ್ದಳು ಹೀಗೆ,
ಒತ್ತಿ, ಸೆರಗಿಗೆ ಒರೆಸಿಕೊಂಡು, ಯಾರನ್ನೂ ನೋಡದೆ.
ಬರೀ ಅದೊಂದಕ್ಕೆ ನಾನು ಸಹಿ ಕಲಿತದ್ದು,
ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ರಾತ್ರಿ ಶಾಲೆಯಲ್ಲಿ.

ಸುಗಲಾ ಬಗ್ಗಿ ನೋಡಿದಳು.
ಏನೋ ಅಂದಳು, ಬೈದಳೋ ಏನೋ,
ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ.
ಆರಿಸಿದ ಮೇಲೆ ಇಷ್ಟೇ ಹೇಳಿದಳು:
‘ಮೂರನೇದರ ಬಾಯಾಗ ಟಿಕ್ ಟಿಕ್ ಅಂತೈತಿ.
ನಾಳೆ ತಣ್ಣಗಾದ ಮ್ಯಾಲೆ
ಎಲ್ಲಾ ಮತ್ತೊಮ್ಮೆ ಬಿಗೀಬೇಕು.’

ಬಳೆ ಇನ್ನೂ ನನ್ನ ಜೇಬಿನಲ್ಲೇ ಇತ್ತು.